ಮರಣಪತ್ರದಲ್ಲಿದ್ದ ತಾರೀಖು

ಮಸ್ಕತ್ತಿನ ಘಾಲಾ ಪ್ರದೇಶದ ಒಂದು ಗೋದಾಮಿನ ಆಫೀಸಿನಲ್ಲಿ ನಾನು ಹದಿನಾರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಕಾರ್ಮಿಕರ ವೀಸಾ, ರಜೆ, ಆಸ್ಪತ್ರೆಯ ಚೀಟಿ ಎಲ್ಲವೂ ನನ್ನ ಮೇಜು ದಾಟಿಯೇ ಹೋಗಬೇಕು. ಹಾಗಾಗಿ ಊರಿನಲ್ಲಿರುವ ನಮ್ಮವರಿಗೆ, ಮಸ್ಕತ್ತಿನ ಯಾವ ಕಾಗದ ಬೇಕಾದರೂ ಇವಳಿಗೆ ಹೇಳಿದರಾಯಿತು ಎಂಬ ನಂಬಿಕೆ.

ಒಂದು ಬೆಳಿಗ್ಗೆ ಉಡುಪಿಯಿಂದ ಅತ್ತೆಯ, ಎಂದರೆ ನನ್ನ ಅಪ್ಪನ ಅಕ್ಕನ, ಮಗಳು ಫೋನ್ ಮಾಡಿದಳು. ಹಳೆಯ ಮನೆ ಬಿಚ್ಚಿ ಹೊಸದು ಕಟ್ಟಬೇಕೆಂದು ಅವಳು ಪಂಚಾಯತಿಗೆ ಹೋಗಿದ್ದಳಂತೆ. ಜಾಗ ಇದ್ದದ್ದು ಅವಳ ಅಪ್ಪನ ಹೆಸರಿನಲ್ಲಿ.

"ಡೆತ್ ಸರ್ಟಿಫಿಕೇಟ್ ಕೊಡಿ ಅಂತಾರೆ ಮಾರಾಯ್ತಿ. ತೀರಿಕೊಂಡದ್ದು ಒಮಾನಿನಲ್ಲಿ ಅಂದ್ರೆ, ಹಾಗಾದ್ರೆ ಅಲ್ಲಿಂದಲೇ ತನ್ನಿ, ನಮಗೆ ಕೊಡ್ಲಿಕ್ಕೆ ಬರುವುದಿಲ್ಲ ಅಂದ್ರು. ಅಲ್ಲಿವರೆಗೆ ಕಾಗದದಲ್ಲಿ ಪಪ್ಪ ಜೀವಂತ ಇದ್ದಾರಂತೆ."

ಅವಳ ಅಪ್ಪ, ಎಂದರೆ ನನ್ನ ಮಾವ, ತೀರಿಕೊಂಡು ಮೂವತ್ತು ವರ್ಷಗಳ ಮೇಲಾಗಿತ್ತು. ಅವರು ಮಸ್ಕತ್ತಿನ ಒಂದು ಕಂಪೆನಿಯ ಮೆಸ್ಸಿನಲ್ಲಿ ಅಡುಗೆಯವರಾಗಿದ್ದರು. ಒಂದು ದಿನ ಎದೆನೋವೆಂದು ಮಲಗಿದವರು ಏಳಲಿಲ್ಲ. ಹೆಣ ಊರಿಗೆ ಕಳಿಸುವುದು ಆಗ ಸುಲಭವಿರಲಿಲ್ಲ, ಇಲ್ಲಿಯೇ ಮಣ್ಣು ಮಾಡಿದರು. ಊರಿಗೆ ಬಂದದ್ದು ಒಂದು ಟ್ರಂಕು, ರದ್ದು ಮಾಡಿ ಮೂಲೆ ಕತ್ತರಿಸಿದ ಪಾಸ್‌ಪೋರ್ಟು ಮತ್ತು ಅರಬಿಯಲ್ಲಿದ್ದ ಒಂದೆರಡು ಹಾಳೆ. ಹಾಳೆಗಳನ್ನು ಒರಲೆ ತಿಂದಿತ್ತು. ಪಾಸ್‌ಪೋರ್ಟನ್ನು ಅತ್ತೆ ಸೀರೆಗಳ ನಡುವೆ ಇಟ್ಟುಕೊಂಡಿದ್ದರು. ಮಗಳು ಅದರ ಪುಟಗಳ ಫೋಟೊ ಕಳಿಸಿದಳು. ಮಾವನ ಮುಖ ನಾನು ಸರಿಯಾಗಿ ನೋಡಿದ್ದು ಅದರಲ್ಲಿಯೇ. ಇಸ್ತ್ರಿ ಮಾಡಿದ ಅಂಗಿ, ಸ್ವಲ್ಪ ಗಾಬರಿಯ ಕಣ್ಣು. ವಯಸ್ಸಿನಲ್ಲಿ ಈಗಿನ ನನಗಿಂತ ಚಿಕ್ಕವರು.

ನನಗೆ ಗೊತ್ತಿದ್ದದ್ದು ಈಗ ಸತ್ತವರ ಕಾಗದ ಮಾಡಿಸುವುದು ಮಾತ್ರ. ಆಸ್ಪತ್ರೆಯಿಂದ ಸೂಚನೆ, ನಾಗರಿಕ ದಾಖಲೆಯ ಕಚೇರಿಯಿಂದ ಪತ್ರ, ಆಮೇಲೆ ಮೊಹರು, ರಾಯಭಾರ ಕಚೇರಿ. ಮೂವತ್ತು ವರ್ಷದ ಹಿಂದಿನ ಸಾವನ್ನು ಎಲ್ಲಿಂದ ಶುರುಮಾಡುವುದು? ನಮ್ಮ ಗೋದಾಮಿನ ಎದುರು ಟೈಪಿಂಗ್ ಸೆಂಟರ್ ನಡೆಸುವ, ನಮ್ಮ ಕರಾವಳಿಯದೇ ಮುಸಲ್ಮಾನ ಹಿರಿಯ ಬ್ಯಾರಿ ಕಾಕನನ್ನು ಕೇಳಿದೆ. ಅರಬಿ ಅರ್ಜಿಗಳನ್ನು ಟೈಪು ಮಾಡುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವರು.

"ಅಕ್ಕ, ಮೊದಲು ನಿಮ್ಮ ಅತ್ತೆ ಒಂದು ಅಧಿಕಾರಪತ್ರ ಕೊಡ್ಬೇಕು," ಎಂದರು. "ನೀವು ಹೆಂಡತಿ ಅಲ್ಲ, ಮಗಳು ಅಲ್ಲ. ಹೆಂಡತಿಯ ಸೈನಿಲ್ಲದೆ ಕೇಳಿದ್ರೆ ಅಲ್ಲೇ ಖಲಾಸ್."

ಊರಿನಲ್ಲಿ ಅತ್ತೆ ನೋಟರಿಯ ಮುಂದೆ ಸಹಿ ಹಾಕಿದರು. ಪತ್ರ ಬರಲು ಮೂರು ವಾರ ಬೇಕಾಯಿತು. ಕಾಕ ಅದನ್ನು ಅರಬಿಗೆ ಅನುವಾದ ಮಾಡಿಸಿಕೊಟ್ಟರು. ಭಾನುವಾರ ಇಲ್ಲಿ ಕೆಲಸದ ದಿನ; ಒಂದು ಭಾನುವಾರ ರಜೆ ಹಾಕಿ ನಾಗರಿಕ ದಾಖಲೆಯ ಕಚೇರಿಗೆ ಹೋದೆ. ಮೊದಲ ಕಿಟಕಿಯಲ್ಲಿದ್ದವನು ಪಾಸ್‌ಪೋರ್ಟ್ ನಂಬರು ಒತ್ತಿ ನೋಡಿ ತಲೆಯಾಡಿಸಿದ. ಕಂಪ್ಯೂಟರಿನಲ್ಲಿ ಇಲ್ಲ. ಹಳೆಯ ದಾಖಲೆಗಳು ಬೇರೆ ಕೋಣೆಯಲ್ಲಿ.

ಆ ಕೋಣೆಯಲ್ಲಿ ಇದ್ದವಳು ಒಬ್ಬ ಒಮಾನಿ ಹೆಂಗಸು, ನನ್ನದೇ ವಯಸ್ಸಿನವಳು. ಕಪ್ಪು ಅಬಾಯ, ಮೂಗಿನ ತುದಿಗೆ ಜಾರಿದ ಕನ್ನಡಕ. ಹಿಂದಿ ನನಗಿಂತ ಚೆನ್ನಾಗಿ ಬರುತ್ತಿತ್ತು. ತಾರೀಖು ಕೇಳಿದಳು. ಮಾವ ಸತ್ತ ದಿನವೆಂದು ನಮ್ಮ ಮನೆಯವರು ಪ್ರತಿ ವರ್ಷ ಚರ್ಚಿನಲ್ಲಿ ಪೂಜೆ ಕೊಡುವ ದಿನವನ್ನು ಹೇಳಿದೆ. ಅವಳು ರಿಜಿಸ್ಟರಿನ ಆ ಪುಟ ತೆರೆದು ಬೆರಳಿಟ್ಟು ಹುಡುಕಿದಳು. ಸಿಗಲಿಲ್ಲ.

"ಅರಬಿಯಲ್ಲಿ ನಿಮ್ಮ ಪ ಇಲ್ಲ," ಎಂದಳು. ಮಾವನ ಹೆಸರು ಶುರುವಾಗುವುದೇ ಪ ಅಕ್ಷರದಿಂದ. ಬ ಎಂದು ಹುಡುಕಿದಳು, ಫ ಎಂದು ಹುಡುಕಿದಳು. ಇಲ್ಲ.

ನಾನು ಎದ್ದು ಹೊರಡಲು ಬ್ಯಾಗು ತೆಗೆದುಕೊಂಡೆ. ಅವಳು ಕೈ ಸನ್ನೆ ಮಾಡಿ ಕೂರಿಸಿದಳು. ಹಿಂದಿನ ಪುಟಕ್ಕೆ ಹೋದಳು, ಅದರ ಹಿಂದಿನದಕ್ಕೂ ಹೋದಳು. ಆಮೇಲೆ ನನ್ನ ಮೊಬೈಲಿನಲ್ಲಿದ್ದ ಪಾಸ್‌ಪೋರ್ಟಿನ ಫೋಟೊವನ್ನು ದೊಡ್ಡದು ಮಾಡಿ, ಮಾವನ ತಂದೆಯ ಹೆಸರನ್ನು ತುಟಿಯಲ್ಲೇ ಓದಿಕೊಂಡಳು.

"ಇಲ್ಲಿದ್ದಾರೆ, ಉಖ್ತಿ. ಬರೆದವನು ತಂದೆಯ ಹೆಸರನ್ನು ಮೊದಲು ಬರೆದುಬಿಟ್ಟಿದ್ದಾನೆ. ನಂಬರು ಇದೇ." ಉಖ್ತಿ ಎಂದರೆ ಅಕ್ಕ, ತಂಗಿ. ಆಮೇಲೆ, ನಿನ್ನೆ ಮೊನ್ನೆ ಸತ್ತವರ ಬಗ್ಗೆ ಹೇಳುವಂತೆ, ಮೆಲ್ಲಗೆ, "ಅಲ್ಲಾಹ್ ಯರ್ಹಮು" ಎಂದಳು. ದೇವರು ಅವರಿಗೆ ಕರುಣೆ ತೋರಲಿ ಎಂದರ್ಥ. ನಾನು ಅಲ್ಲಿ ಕೂತೇ ಅತ್ತುಬಿಟ್ಟೆ. ಸರಿಯಾಗಿ ನೋಡಿಯೇ ಇರದ ಮಾವನಿಗಾಗಿ ಏಕೆ ಅಳು ಬಂತೋ ತಿಳಿಯದು. ಅವಳು ಟಿಶ್ಯೂ ಡಬ್ಬಿಯನ್ನು ನನ್ನ ಕಡೆ ತಳ್ಳಿ, ಏನೂ ಆಗಿಲ್ಲವೆಂಬಂತೆ ಬರೆಯತೊಡಗಿದಳು.

ಹದಿನೈದು ದಿನದಲ್ಲಿ ಮೊಹರು ಬಿದ್ದ ಪತ್ರ ಕೈಗೆ ಬಂತು. ಅದರಲ್ಲಿದ್ದ ತಾರೀಖು ನಾವು ಪೂಜೆ ಕೊಡುವ ದಿನಕ್ಕಿಂತ ಎರಡು ದಿನ ಹಿಂದಿನದಿತ್ತು. ನನಗೇನೂ ಅನ್ನಿಸಲಿಲ್ಲ. ಆಗಿನ ಟೆಲಿಗ್ರಾಂ, ತಡವಾಗಿ ಮುಟ್ಟಿರಬೇಕು ಎಂದುಕೊಂಡೆ. ಫೋಟೊ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ.

ಹತ್ತು ನಿಮಿಷದಲ್ಲಿ ನನ್ನ ಅಪ್ಪನ ಫೋನ್ ಬಂತು. ಎಪ್ಪತ್ತು ದಾಟಿದವರು, ತಾವಾಗಿ ಫೋನ್ ಮಾಡುವವರೇ ಅಲ್ಲ.

"ಆ ತಾರೀಖು ಬದಲಿಸ್ಲಿಕ್ಕೆ ಆಗುವುದಿಲ್ಲವಾ?" ಎಂದು ಕೊಂಕಣಿಯಲ್ಲಿ ಕೇಳಿದರು.

"ಅದು ಸರಕಾರದ ರಿಜಿಸ್ಟರು ಪಪ್ಪಾ. ಏಕೆ ಬದಲಿಸ್ಬೇಕು?"

ಆಗ ಅಪ್ಪ ಹೇಳಿದರು. ಟೆಲಿಗ್ರಾಂ ತಡವಾಗಿರಲಿಲ್ಲ. ಅದು ಬಂದದ್ದು ಅಪ್ಪನ ತಂಗಿಯ, ಎಂದರೆ ನನ್ನ ಚಿಕ್ಕತ್ತೆಯ, ರೋಸಿನ ದಿನ ಮಧ್ಯಾಹ್ನ. ಮದುವೆಯ ಹಿಂದಿನ ದಿನ ಹುಡುಗಿಗೆ ತೆಂಗಿನಹಾಲು ಹಚ್ಚಿ ಮೀಯಿಸುವ ನಮ್ಮ ಶಾಸ್ತ್ರ ಅದು. ಬಾಳೆಲೆ ತರಲು ಹೊರಟ ಅಪ್ಪನಿಗೆ ದಾರಿಯಲ್ಲಿ ಪೋಸ್ಟ್‌ಮ್ಯಾನ್ ಎದುರಾಗಿದ್ದ. ಅಪ್ಪ ಟೆಲಿಗ್ರಾಂ ಓದಿ ಜೇಬಿಗಿಟ್ಟುಕೊಂಡರು. ರೋಸು ನಡೆಯಿತು, ಮದುವೆಯೂ ಆಯಿತು. ಅದರ ಮರುದಿನ, ಈಗಷ್ಟೇ ಬಂತೆಂದು ಹೇಳಿ ಅತ್ತೆಯ ಕೈಗೆ ಕೊಟ್ಟರು. ಅದರಲ್ಲಿದ್ದ ದಿನದ ಮೇಲೆ ನೀರು ಹಾಕಿ ಅಳಿಸಿದ್ದರು. ಸತ್ತದ್ದು ಹಿಂದಿನ ದಿನ ಎಂದು ಬಾಯಲ್ಲಿ ಹೇಳಿದರು.

"ಅವಳಿಗೆ ಎರಡು ಸಲ ಸಂಬಂಧ ತಪ್ಪಿತ್ತು. ಮೂರನೆಯದೂ ನಿಂತರೆ ಎಂತ ಮಾಡುವುದು?" ಎಂದರು. "ಅಕ್ಕ ಈಗ ಓದಿದ್ರೆ ನನ್ನನ್ನು ಎಂತ ಅಂದುಕೊಂಡಾಳು?"

ನನಗೆ ಆ ರೋಸು ನೆನಪಿದೆ. ನನಗಾಗ ಆರು ವರ್ಷ. ಹಸಿರು ಸೀರೆ ಉಟ್ಟ ಅತ್ತೆ ಚಪ್ಪರದಡಿ ನಿಂತು ಎಲ್ಲರಿಗಿಂತ ಮೊದಲು ತಂಗಿಯ ತಲೆಗೆ ಹಾಲು ಸುರಿದರು, ಹಾಡು ಎತ್ತಿಕೊಟ್ಟರು. ನನ್ನ ಕೆನ್ನೆಗೂ ಹಾಲು ಸವರಿ ನಕ್ಕರು. ಆ ಹೊತ್ತಿಗೆ ಮಾವ ಸತ್ತು ಒಂದು ದಿನವಾಗಿತ್ತು.

"ಪಪ್ಪಾ, ತಾರೀಖು ಬದಲಿಸ್ಲಿಕ್ಕೆ ಆಗುವುದಿಲ್ಲ," ಎಂದೆ. "ಅತ್ತೆ ಓದುವ ಮೊದಲು ನೀವೇ ಹೋಗಿ ಹೇಳಿ."

ಬಯ್ಯುತ್ತಾರೆಂದುಕೊಂಡೆ. ಅವರು ಫೋನಿಟ್ಟರು. ಮರುದಿನ ಬೆಳಿಗ್ಗೆ ರಿಕ್ಷಾ ಮಾಡಿಕೊಂಡು ಒಬ್ಬರೇ ಅಕ್ಕನ ಮನೆಗೆ ಹೋದರಂತೆ. ಅಲ್ಲಿ ನಡೆದದ್ದನ್ನು ಅತ್ತೆಯ ಮಗಳು ಆಮೇಲೆ ನನಗೆ ಹೇಳಿದಳು. ಅಪ್ಪ ಜಗಲಿಯಲ್ಲಿ ಕೂತು, ಚಹಾ ಮುಟ್ಟದೆ, ಎಲ್ಲವನ್ನೂ ಹೇಳಿ ತಲೆ ತಗ್ಗಿಸಿದರು. ಅತ್ತೆ ಕೇಳಿಸಿಕೊಂಡು, "ಚಹಾ ಕುಡಿ, ಆರ್ತದೆ" ಎಂದರಂತೆ. ಆಮೇಲೆ, "ನನಗೆ ಗೊತ್ತಿತ್ತು" ಎಂದರು.

ಆ ಸಂಜೆ ನಾನೇ ಅತ್ತೆಗೆ ಫೋನ್ ಮಾಡಿದೆ. ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಆ ಪೋಸ್ಟ್‌ಮ್ಯಾನ್ ನನ್ನನ್ನು ಕಂಡಾಗಲೆಲ್ಲ, ಮಸ್ಕತ್ತಿನ ಕಾಗದ ನಾಳೆ ಬರ್ತದೆ ಬಾಯಮ್ಮ ಅಂತ ನಗ್ತಿದ್ದ. ಮದುವೆಯ ದಿನ ಇಗರ್ಜಿಯ ಹತ್ತಿರ ನನ್ನನ್ನು ಕಂಡವನು ಸೈಕಲ್ ತಿರುಗಿಸಿ ಬೇರೆ ದಾರಿಯಲ್ಲಿ ಹೋದ. ಮತ್ತೆ ನಿನ್ನ ಅಪ್ಪ ಮೂರು ಸಲ ಬಂದು, ಅಕ್ಕ ಊಟ ಆಯ್ತಾ ಅಂತ ಕೇಳಿದ. ಅವ ಯಾವಾಗ ಹಾಗೆಲ್ಲ ಕೇಳಿದ್ದು? ಏನೋ ಆಗಿದೆ ಅಂತ ಆಗಲೇ ಗೊತ್ತಾಯ್ತು."

"ಮತ್ತೆ ಏಕೆ ಸುಮ್ಮನಿದ್ರಿ?"

"ಕೇಳಿದ್ರೆ ಅವ ಹೇಳ್ತಿದ್ದ. ಹೇಳಿದ್ರೆ ನಾನು ಅಳ್ಬೇಕಿತ್ತು. ತಂಗಿ ಮದುವೆಯ ಬಿಳಿ ಸೀರೆಯಲ್ಲಿ ಮುಂದೆ ಕೂತಿದ್ದಳು ಮಗಾ." ಮತ್ತೆ ಅಂದರು, "ಆಮೇಲೆ ಅವನಿಗೆ ಹೇಳುವ ಅಂತ ಎಷ್ಟೋ ಸಲ ಬಾಯಿವರೆಗೆ ಬಂತು. ಪಾಪ, ಅವ ಹೆದರಿಕೊಂಡೇ ಇದ್ದ. ಮುಚ್ಚಿಟ್ಟದ್ದು ತನಗೆ ಮಾತ್ರ ಗೊತ್ತು ಅಂತ ಇದ್ರೆ ಇರಲಿ ಅಂತ ಬಿಟ್ಟೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ದುಃಖವಿತ್ತು, ಅದೂ ಹಳೆಯದು. ಕೊನೆಗೆ ಅವರೇ, ಗೋರಿ ಎಲ್ಲಿದೆಯೆಂದು ಗೊತ್ತಾಗುತ್ತದೆಯೇ ಎಂದು ಕೇಳಿದರು.

ಪತ್ರ ಕೈಯಲ್ಲಿದ್ದುದರಿಂದ ಅದು ಕಷ್ಟವಾಗಲಿಲ್ಲ. ಇಲ್ಲಿಯ ಕ್ರೈಸ್ತರ ಸ್ಮಶಾನ ನೋಡಿಕೊಳ್ಳುವವರು ಪುಸ್ತಕದಲ್ಲಿ ಆ ವಾರದ ಸಾಲು ತೆಗೆದು ಗೋರಿಯ ನಂಬರು ಹೇಳಿದರು. ಜಲ್ಲಿಕಲ್ಲು ಹರಡಿದ ಒಂದು ದಿಬ್ಬ, ಹೆಸರಿಲ್ಲ. ಮಸ್ಕತ್ತಿನ ಹೊರವಲಯದ ಸೀಬ್ ಎಂಬಲ್ಲಿರುವ ನಮ್ಮ ಫ್ಲ್ಯಾಟಿನಿಂದ ಅಲ್ಲಿಗೆ ಕಾರಿನಲ್ಲಿ ಮುಕ್ಕಾಲು ಗಂಟೆ. ಹದಿನಾರು ವರ್ಷ ಈ ಊರಿನಲ್ಲಿದ್ದೂ ನಾನು ಅತ್ತ ಹೋಗಿರಲಿಲ್ಲವೆಂಬುದು ಆ ದಿನ ಚುಚ್ಚಿತು.

ಊರಿನಲ್ಲಿ ಪಂಚಾಯತಿಯವರು ಪತ್ರವನ್ನು ಒಪ್ಪಿದರು, ಜಾಗ ಅತ್ತೆಯ ಹೆಸರಿಗಾಯಿತು. ಅತ್ತೆ ಒಂದು ಕಲ್ಲು ಹಾಕಿಸೆಂದರು. ಘಾಲಾದಲ್ಲಿ ಕಲ್ಲು ಕೊರೆಯುವ ರಾಜಸ್ಥಾನಿಯೊಬ್ಬನಿಗೆ ಹೇಳಿದೆ. ತಾರೀಖು ಯಾವುದು ಬರೆಸಲಿ ಎಂದು ಅತ್ತೆಯನ್ನು ಕೇಳಿದಾಗ, "ಅವರು ಸತ್ತದ್ದು ಯಾವ ದಿನವೋ ಅದನ್ನೇ" ಎಂದರು. ಕಲ್ಲು ನಿಲ್ಲಿಸಿದ ದಿನ ವೀಡಿಯೊ ಕಾಲ್ ಮಾಡಿದೆ. ಅತ್ತೆ ಮತ್ತು ಅಪ್ಪ ಒಂದೇ ಬೆಂಚಿನ ಮೇಲೆ ಕೂತಿದ್ದರು. ಅಲುಗುವ ವೀಡಿಯೊದಲ್ಲಿ ಅಪ್ಪನಿಗೆ ಅಕ್ಷರ ಸರಿಯಾಗಿ ಕಾಣಲಿಲ್ಲ. ಅತ್ತೆ ಪರದೆಯನ್ನು ಅವರ ಹತ್ತಿರ ಹಿಡಿದು, ಕಲ್ಲಿನ ಮೇಲಿದ್ದುದನ್ನು ಒಂದೊಂದೇ ಸಾಲಾಗಿ ಓದಿ ಹೇಳಿದರು.