ಕೆಸರಿಗೂ ಅಂಕ

ಹೊನ್ನಾವರದಲ್ಲಿ ಕಾಲೇಜು ಸೀಟಿನ ಸಲಹೆ ಕೊಡುವ ಮೇಡಂ ಒಬ್ಬರಿದ್ದಾರೆ ಎಂದು ಸುದ್ದಿ ತಂದದ್ದು ನನ್ನ ಗಂಡ. ಅವರು ಮುರ್ಡೇಶ್ವರದ ಹೋಟೆಲೊಂದರಲ್ಲಿ ಕೆಲಸ ಮಾಡುವವರು, ದಿನವೂ ಊರವರ ಮಾತನ್ನೆಲ್ಲ ಹೊತ್ತು ಮನೆಗೆ ತರುತ್ತಾರೆ. ಅದರಲ್ಲಿ ಕೆಲಸಕ್ಕೆ ಬಂದದ್ದು ಇದೊಂದೇ.

ನಮ್ಮ ಮಗಳಿಗೆ ದನದ ಡಾಕ್ಟರಾಗಬೇಕಿತ್ತು. ಬೇರೆ ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಪಿಯುಸಿಯಲ್ಲಿ ಒಳ್ಳೆಯ ಅಂಕವೇ ಬಂದಿತ್ತು, ಆದರೆ ಆ ಸೀಟಿಗೆ ಅಷ್ಟು ಸಾಲದು ಎಂದು ತಿಳಿದವರು ಹೇಳಿದರು. ಎರಡು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಕಾಯ್ಕಿಣಿಯಿಂದ ಅವಳನ್ನು ಕರೆದುಕೊಂಡು ಹೊನ್ನಾವರದ ಬಸ್ಸು ಹತ್ತಿದೆ.

ಮೇಡಂ ನನಗಿಂತ ಚಿಕ್ಕವರು. ಔಷಧಿ ಅಂಗಡಿಯ ಮೇಲೆ ಒಂದೇ ಕೋಣೆ, ಒಂದು ಲ್ಯಾಪ್‌ಟಾಪು, ಐದಾರು ಪ್ಲಾಸ್ಟಿಕ್ ಕುರ್ಚಿ. ನಾನು ಅಂಕಪಟ್ಟಿ ಮುಂದೆ ಚಾಚಿದರೆ ಅವರು ಅದನ್ನು ಪಕ್ಕಕ್ಕಿಟ್ಟು, ಗದ್ದೆಯ ಪಹಣಿ ಯಾರ ಹೆಸರಲ್ಲಿದೆ ಎಂದು ಕೇಳಿದರು. ಸೀಟು ಕೇಳಲು ಬಂದವರ ಆಸ್ತಿ ವಿಚಾರಿಸುತ್ತಾರಲ್ಲ ಎಂದು ನನಗೆ ಸಿಟ್ಟು ಬಂತು. ಆಮೇಲೆ ಬಿಡಿಸಿ ಹೇಳಿದರು. ಕೃಷಿಕರ ಮಕ್ಕಳಿಗೆಂದೇ ಕೆಲವು ಸೀಟುಗಳಿವೆ, ಅದಕ್ಕೊಂದು ಬೇರೆ ಪರೀಕ್ಷೆ ಇದೆ. ಬೀಜ, ಗೊಬ್ಬರ, ಹತ್ಯಾರು ಎದುರಿಗಿಟ್ಟು, ಇದು ಯಾವುದು, ಇದು ಯಾತಕ್ಕೆ ಎಂದು ಕೇಳುತ್ತಾರೆ. ಅದರಲ್ಲಿ ಗೆದ್ದರೆ ಸೀಟು ಸಿಕ್ಕೀತು, ಇಲ್ಲವಾದರೆ ಬೇರೆ ದಾರಿಯಿಲ್ಲ.

"ಗದ್ದೆ ಮನೆಯ ಹುಡುಗಿ ಅಲ್ವಾ, ಇವಳಿಗೆ ಇದು ಸುಲಭ," ಎಂದರು.

ನಾನೂ ಮಗಳೂ ಮುಖ ಮುಖ ನೋಡಿಕೊಂಡೆವು. ಹನ್ನೆರಡು ವರ್ಷ ಅವಳ ಕಾಲಿಗೆ ಕೆಸರು ತಾಗಲು ನಾನು ಬಿಟ್ಟಿರಲಿಲ್ಲ. ಗದ್ದೆಯ ಅಂಚಿಗೆ ಬಂದರೆ ಸಾಕು, ಇಲ್ಲಿ ನಿನಗೆ ಎಂತ ಕೆಲಸ, ಓದು ಹೋಗು ಎಂದು ಅಟ್ಟುತ್ತಿದ್ದೆ. ಓದಿ ಬೇಸರ ಬಂದಾಗ ಕೊಟ್ಟಿಗೆಯ ಕರುವಿನ ಹತ್ತಿರ ಹೋಗಲು ಬಿಡುತ್ತಿದ್ದೆ, ಅಷ್ಟೇ. ಡಾಕ್ಟರಾಗುವ ಹುಚ್ಚು ಹಿಡಿದದ್ದೂ ಅಲ್ಲೇ. ಮಗಳಿಗೆ ಗದ್ದೆ ಗೊತ್ತಿಲ್ಲ ಎಂದು ನಾನು ಕಂಡಕಂಡವರ ಹತ್ತಿರ ಜಂಬ ಕೊಚ್ಚಿಕೊಂಡಿದ್ದೆ. ಈಗ ನೋಡಿದರೆ ಆ ಕೆಸರಿಗೇ ಅಂಕ ಇಟ್ಟಿದ್ದಾರೆ.

ಮಳೆಗಾಲಕ್ಕೆ ಮೊದಲೇ ಪರೀಕ್ಷೆ. ಅದನ್ನು ಬರೆಯುವ ನಾಲ್ಕು ಮಕ್ಕಳಿಗೆ ಮೇಡಂ ದಿನಾ ಪಾಠ ಮಾಡುತ್ತಿದ್ದರು. ತಂದೆ ತಾಯಿಗೆ ಒಳಗೆ ಪ್ರವೇಶವಿಲ್ಲ. ನಾನು ಮೆಟ್ಟಿಲ ಮೇಲೆ ಕೂತು ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದೆ. ಎರಡನೆಯ ದಿನ ಬಾಗಿಲ ಸಂದಿಯಿಂದ ಇಣುಕಿದರೆ, ಲ್ಯಾಪ್‌ಟಾಪಿನಲ್ಲಿ ಕಂದು ಬೀಜವೊಂದರ ದೊಡ್ಡ ಚಿತ್ರ. ಮೇಡಂ ಅದನ್ನು ಹುರುಳಿ ಎಂದರು. ನಾಲ್ಕೂ ಮಕ್ಕಳು ಹುರುಳಿ ಎಂದು ಬರೆದುಕೊಂಡರು. ನನ್ನ ಮಗಳೂ ಬರೆದುಕೊಂಡಳು. ನನಗೆ ತಡೆಯಲಾಗಲಿಲ್ಲ.

"ಅದು ಅಲಸಂದೆ. ಹೊಟ್ಟೆ ಮೇಲೆ ಬಿಳಿ ಕಣ್ಣು ಕಾಣೂದಿಲ್ವಾ?"

ಮಗಳು ನಾಚಿಕೆಯಿಂದ ತಲೆ ತಗ್ಗಿಸಿದಳು. ಮೇಡಂ ಚಿತ್ರವನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. ಇನ್ನು ಹೊನ್ನಾವರಕ್ಕೆ ಬರುವ ಕೆಲಸವಿಲ್ಲ ಎಂದೇ ನಾನು ತಿಳಿದೆ. ಅವರು ತಮ್ಮ ಕುರ್ಚಿಯಿಂದ ಎದ್ದರು.

"ನಾನು ಪೇಟೆಯಲ್ಲಿ ಬೆಳೆದವಳು ಅಕ್ಕಾ. ನಾಳೆಯಿಂದ ನೀವು ಒಳಗೆ ಬನ್ನಿ."

ಮಾರನೆಯ ದಿನ ಎರಡು ಚೀಲ ತುಂಬಿದೆ. ಒಂದರಲ್ಲಿ ಬಟ್ಟೆಯ ಗಂಟು ಕಟ್ಟಿದ ಬೀಜಗಳು, ಇನ್ನೊಂದರಲ್ಲಿ ಸಗಣಿ ಗೊಬ್ಬರ ಮತ್ತು ಬೇವಿನ ಹಿಂಡಿ. ಶರಾವತಿ ಸೇತುವೆ ದಾಟುವಷ್ಟರಲ್ಲಿ ಬಸ್ಸಿನವರೆಲ್ಲ ಕಿಟಕಿ ತೆರೆದಿದ್ದರು. ಮಕ್ಕಳಿಗೆ ಕಣ್ಣು ಮುಚ್ಚಿಸಿ, ಬೀಜವನ್ನು ಬೆರಳಲ್ಲೇ ಗುರುತಿಸಲು ಕಲಿಸಿದೆ. ತಪ್ಪು ಹೇಳಿದವರಿಗೆ ಬೈದೂ ಬೈದೆ. ಹತ್ತನೆಯ ಇಯತ್ತೆಗೆ ಓದು ಬಿಟ್ಟವಳು ನಾನು. ನಾಲ್ಕು ಮಕ್ಕಳು ನನ್ನ ಮಾತನ್ನು ಬರೆದುಕೊಳ್ಳುತ್ತಿದ್ದರೆ ಆದ ಖುಷಿಯನ್ನು ಮುಚ್ಚಿಡಲು ನನಗೆ ಆಗುತ್ತಿರಲಿಲ್ಲ.

ಮೇಡಂ ಬಿಟ್ಟಾರೆಯೇ. ಒಂದು ದಿನ ಅವರೂ ಪೊಟ್ಟಣಗಳನ್ನು ತಂದರು. ನವಣೆ, ಸಜ್ಜೆ, ಎಲ್ಲ ಘಟ್ಟದಾಚೆಯ ಬೆಳೆ. ಬಿಳಿ ಬೀಜವೊಂದನ್ನು ನನ್ನ ಅಂಗೈಗೆ ಹಾಕಿ ಇದು ಎಂತ ಅಕ್ಕಾ ಎಂದರು. ಬಲಿತ ಸೌತೆ ಬೀಜ ಎಂದೆ, ಧೈರ್ಯದಿಂದಲೇ. ಅದು ಕುಸುಬೆಯಂತೆ. ನಮ್ಮ ಕಡೆ ಅದನ್ನು ಯಾರು ಬೆಳೆಯುತ್ತಾರೆ? ಇಂಗು ತಿಂದ ಮಂಗನ ಹಾಗೆ ನಾನು ನಿಂತದ್ದನ್ನು ನೋಡಿ ಎಲ್ಲರಿಗಿಂತ ಹೆಚ್ಚು ನಕ್ಕದ್ದು ನನ್ನ ಮಗಳು. ಆಮೇಲೆ ಮನೆಯಲ್ಲೂ ಅವಳು ನನಗೆ, ನಾನು ಅವಳಿಗೆ ಪರೀಕ್ಷೆ ಮಾಡುತ್ತಿದ್ದೆವು. ಗಂಡನೂ ಒಂದು ಸಲ ಕೂತು ಎಲ್ಲದರಲ್ಲೂ ಫೇಲಾದರು.

ಪರೀಕ್ಷೆ ಘಟ್ಟದ ಮೇಲಿತ್ತು. ನಾನು ಗೇಟಿನ ಹೊರಗೆ ಮರದಡಿ ಕೂತು ಗೊತ್ತಿದ್ದ ದೇವರನ್ನೆಲ್ಲ ನೆನೆದೆ. ಅವಳು ನಗುತ್ತಾ ಹೊರಬಂದಳು.

"ಕುಸುಬೆ ಇಟ್ಟಿದ್ರು ಅಮ್ಮ. ನೀನು ಸೌತೆ ಅಂದದ್ದು ನೆನಪಾಯ್ತು."

ಯಾವ ಕಾಲೇಜು ಮೊದಲು, ಯಾವುದು ಆಮೇಲೆ ಎಂಬ ಪಟ್ಟಿಯನ್ನು ಮೇಡಂ ಅವಳ ಕೈಯಲ್ಲೇ ಮೂರು ಸಲ ಬರೆಸಿದರು. ಅಲ್ಲಿಂದ ಮುಂದೆ ಕಾಯುವುದು. ಮಳೆ ಬಂತು, ನಾಟಿಗೆ ಬಿತ್ತಿದ ಭತ್ತದ ಅಗೆ ಬೆಳೆಯಿತು.

ಸೀಟು ಪ್ರಕಟವಾದ ದಿನ ನಮ್ಮಲ್ಲಿ ನಾಟಿ. ನಾನು ಮೊಣಕಾಲವರೆಗೆ ಕೆಸರಲ್ಲಿದ್ದೆ. ಮಗಳು ಅಂಚಿನ ಮೇಲೆ ಓಡಿ ಬಂದಳು, ನಿಲ್ಲದೆ ಹೊಸ ಚೂಡಿದಾರದಲ್ಲೇ ಗದ್ದೆಗೆ ಇಳಿದಳು. ಹನ್ನೆರಡು ವರ್ಷದ ಬೈಗುಳ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

"ಮೇಡಂ ಫೋನ್ ಮಾಡಿದ್ರು," ಎಂದಳು. "ಆತು ಅಮ್ಮ, ಸಿಕ್ತು."

ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅವಳು ನನ್ನ ಕೈಯಿಂದ ಅರ್ಧ ಕಟ್ಟು ಅಗೆ ತೆಗೆದುಕೊಂಡು, ಹೇಗೆ ನೆಡೂದು ಹೇಳು ಎಂದಳು. ಬೆರಳು ಹಿಡಿದು ಕೆಸರಿಗೆ ಊರಿಸಿ ತೋರಿಸಿದೆ. ಅವಳು ನೆಟ್ಟ ಸಾಲು ಸೊಟ್ಟಗೆ ಹೋಯಿತು. ಸರಿ ಮಾಡುತ್ತೇನೆಂದು ಬಂದ ಪಕ್ಕದ ಮನೆಯವಳಿಗೆ ಅದನ್ನು ಮುಟ್ಟಬೇಡ ಎಂದೆ. ಕೊಯ್ಲಿನ ಹೊತ್ತಿಗೆ ಮಗಳು ಹಾಸ್ಟೆಲಿನಲ್ಲಿದ್ದಳು. ಆ ಸಾಲನ್ನು ನಾನೇ ಕೊಯ್ದೆ.