ನವಿಲುಕತ್ತಿನ ಬಣ್ಣ

ಆಗೆಲ್ಲ ಸೇಲಂನ ನಮ್ಮ ಬೀದಿಯಲ್ಲಿ ಪೊಂಗಲ್ ಹಿಂದಿನ ದಿನದ ಭೋಗಿ ಹತ್ತಿರ ಬಂತೆಂದರೆ ಹಳೆಯ ಸಾಮಾನುಗಳಿಗೆ ಗಂಡಾಂತರ. ಹರಿದ ಚಾಪೆ, ಸವೆದ ಪೊರಕೆ, ಮುರಿದ ಮಣೆ ಎಲ್ಲವೂ ಬೆಳಗಿನ ಬೆಂಕಿಗೆ. ನನಗೆ ಹತ್ತು ವರ್ಷವಾಗಿದ್ದ ಆ ಸಲ ಅಪ್ಪನ ಕಣ್ಣು ಬಾಗಿಲ ಮೇಲಿದ್ದ ಮರದ ನವಿಲಿನ ಮೇಲೆ ಬಿತ್ತು. ಅಜ್ಜಿ ಮದುವೆಯಾಗಿ ಬರುವಾಗ ತವರಿನಿಂದ ತಂದದ್ದು. ಪ್ರತಿ ವರ್ಷ ಗೋಡೆಯ ಜೊತೆ ಅದಕ್ಕೂ ಸುಣ್ಣ ಬಿದ್ದು ನವಿಲೋ ಕೋಳಿಯೋ ತಿಳಿಯದಂತಾಗಿತ್ತು.

"ಇದನ್ನೂ ಆಕ್ಬಿಡಾಣ ಅವ್ವಾ" ಎಂದರು ಅಪ್ಪ.

ಅಜ್ಜಿ ಸೆರಗಿನಿಂದ ಅದರ ಕೊಕ್ಕು ಒರೆಸಿದಳು. ನನಗೆ ಸಂಕಟ ತಡೆಯಲಾಗಲಿಲ್ಲ.

"ನಾ ಪೈಂಟ್ ಒಡೀತೀನಿ ಅಪ್ಪಾ!"

"ಮೂರ್ ದಿನ ಐತೆ. ನವಿಲಂಗೆ ಕಂಡ್ರೆ ಇರ್ಲಿ, ಇಲ್ದಿದ್ರೆ ಬೆಂಕಿಗೆ."

ಹೇರ್‌ಪಿನ್ನಿನಿಂದ ಕೆರೆಯತೊಡಗಿದೆ. ಸುಣ್ಣದ ಕೆಳಗೆ ಕಾವಿ. ಕಾವಿಯ ಕೆಳಗೆ ಒಂದು ಕಡೆ ನೀಲಿ ಚೂರು, ಇನ್ನೊಂದು ಕಡೆ ಹಸಿರು. ಇದೇನು ವಿಚಿತ್ರ!

"ಅಜ್ಜಿ, ಇದು ಮೊದ್ಲು ನೀಲಿನಾ, ಪಚ್ಚೆನಾ?"

"ಎರಡೂ ಅಲ್ಲ ಕಣೆ. ನವಿಲ್‌ಕತ್ತು."

ನವಿಲುಕತ್ತು ನಮಗೆ ಸೀರೆಯ ಬಣ್ಣ. ಆಗ ಅಪ್ಪನ ಮಗ್ಗದ ಮೇಲೂ ಅದೇ ಇತ್ತು: ಉದ್ದಕ್ಕೆ ಹಾಸಿನ ದಾರ ನೀಲಿ, ಅಡ್ಡಕ್ಕೆ ಹೊಕ್ಕಿನ ದಾರ ಹಸಿರು. ಹೀಗೆ ನೋಡಿದರೆ ನೀಲಿ, ಹಾಗೆ ನೋಡಿದರೆ ಹಸಿರು. ನೇಕಾರರ ಮನೆಯವರಲ್ಲವೇ, ಅಜ್ಜಿಯೂ ನಾನೂ ಯಾವ ಪೈಂಟರನೂ ಮಾಡದ ಕೆಲಸ ಮಾಡಿದೆವು. ನೀಲಿಯನ್ನು ಉದ್ದಕ್ಕೆ ಬಳಿದು, ಒಣಗಿದ ಮೇಲೆ ಹಸಿರನ್ನು ಅಡ್ಡಕ್ಕೆ ಎಳೆದೆವು. ಅದೂ ದಾರಕ್ಕೆ ಗಂಜಿ ಹಚ್ಚುವ ಸವೆದ ಕುಂಚದಲ್ಲಿ. ಕೈಗೆ ಹತ್ತಿದ ಪೈಂಟಿನ ನಾತ ಸಂಜೆ ತಿಂದ ತಟ್ಟುವಡೆಯಲ್ಲೂ ಬಂತು.

ಅಪ್ಪ ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು. "ಏನವ್ವಾ, ನವಿಲಿಗೆ ಲುಂಗಿ ಉಡ್ಸಿದ್ದೀರಾ?"

ನಿಜಕ್ಕೂ ಗೆರೆಗೆರೆ ಲುಂಗಿಯೇ. ನಾನು ಗೊಳೋ ಎಂದು ಅತ್ತೆ. ಮೂರು ದಿನ ಮುಗಿಯುತ್ತ ಬಂದಿತ್ತು, ಮಾರನೆಯ ಬೆಳಿಗ್ಗೆಯೇ ಭೋಗಿ. ಅಜ್ಜಿ ನವಿಲನ್ನು ಮಡಿಲಿಗೆಳೆದುಕೊಂಡು ಕೂತಳು.

ಅಪ್ಪನ ನಗು ನಿಂತಿತು. ಅಜ್ಜಿಯ ಪಕ್ಕ ಕೂತು, ಕೆತ್ತಿದ ಗರಿಗಳ ಮೇಲೆ ಬೆರಳಾಡಿಸಿದರು. ಪ್ರತಿ ಗರಿಯ ನಡುವೆಯೂ ಸಣ್ಣ ದಿಣ್ಣೆ, ಅದಕ್ಕೆ ಎರಡು ಇಳಿಜಾರು. ಬೆರಳು ಅಲ್ಲೇ ನಿಂತಿತು.

"ಮರದಾಗೆ ಆಸು ಒಕ್ಕು ಎಲ್ಲೈತೆ ಅವ್ವಾ? ಇಲ್ನೋಡು. ಈ ಮಗ್ಗುಲಿಗೆ ನೀಲಿ, ಆ ಮಗ್ಗುಲಿಗೆ ಪಚ್ಚೆ. ಕೆತ್ದೋನು ಬುದ್ಧಿವಂತ!"

ಆ ದಿನ ಅಪ್ಪ ಮತ್ತೆ ಮಗ್ಗದ ಗುಂಡಿಗೆ ಇಳಿಯಲಿಲ್ಲ. ಒಂದೊಂದೇ ಗರಿಗೆ ಅವರೇ ಬಣ್ಣ ತುಂಬಿದರು. ನಾನು ಬಣ್ಣದ ಡಬ್ಬಿ ಹಿಡಿದು ಕೂತೆ. ನವಿಲಿನ ಬದಲು ಭೋಗಿಯ ಬೆಂಕಿಗೆ ಹೋದದ್ದು ಆ ಸವೆದ ಕುಂಚ.

ನವಿಲು ಮತ್ತೆ ಬಾಗಿಲ ಮೇಲೇರಿತು. ಅದರ ಒಂದು ಕಡೆ ಮಗ್ಗದಲ್ಲಿ ಕೂತ ಅಪ್ಪನಿಗೆ ನೀಲಿ, ಇನ್ನೊಂದು ಕಡೆ ಅಡುಗೆಮನೆಯಲ್ಲಿದ್ದ ಅಜ್ಜಿಗೆ ಹಸಿರು. "ನೀಲಿ ಅವ್ವಾ." "ಪಚ್ಚೆ ಕಣೋ, ನಿಂಗೆ ಕಣ್ಣಿಲ್ವಾ?" ಈ ಜಗಳ ಕೇಳಿಕೊಂಡೇ ನಾನು ಬೆಳೆದೆ.

ಈಗ ಅವರಿಬ್ಬರೂ ಇಲ್ಲ. ನವಿಲು ಇದೇ ಊರಿನ ನನ್ನ ಫ್ಲ್ಯಾಟಿನಲ್ಲಿದೆ. ಇಲ್ಲಿ ಅದರ ಒಂದು ಪಕ್ಕಕ್ಕೆ ಗೋಡೆ ಬಂದು, ನೀಲಿಯ ಕಡೆಯಿಂದ ಮಾತ್ರ ಕಾಣುತ್ತದೆ. ಮಗಳು ಅದನ್ನು ತಮಿಳಿನಲ್ಲಿ ನೀಲಿ ನವಿಲು ಎನ್ನುತ್ತಾಳೆ. ಅಲ್ಲ, ಪಚ್ಚೆ ಎಂದು ಜಗಳಕ್ಕೆ ನಿಲ್ಲಲು ಆ ಕಡೆ ಯಾರೂ ಇಲ್ಲ.