ಹವಾಮಾನದಲ್ಲಿ ಬಿಟ್ಟುಹೋದ ಊರು

ಸಿಸ್ಟರಮ್ಮನಿಗೆ ಸುದ್ದಿಯಲ್ಲಿ ಬೇಕಾದದ್ದು ಕೊನೆಯ ಎರಡು ನಿಮಿಷ ಮಾತ್ರ. ಮಂತ್ರಿಗಳ ಭಾಷಣವೆಲ್ಲ ಮುಗಿದು ಹವಾಮಾನ ಬರುವ ಹೊತ್ತಿಗೆ ಸೆರಗು ಸರಿಮಾಡಿಕೊಂಡು ಫೋನಿನ ಮುಂದೆ ಕೂರುತ್ತಿದ್ದರು. ಆ ಹವಾಮಾನ ನಮ್ಮ ಊರು ಪುರವರದ್ದಲ್ಲ, ಲಿಬಿಯಾದ್ದು.

ಅವರ ಹೆಸರು ರತ್ನಮ್ಮ. ನಮ್ಮ ಪಕ್ಕದ ಮನೆ, ಒಂಟಿ ಜೀವ. ವಯಸ್ಸಿದ್ದಾಗ ಲಿಬಿಯಾದ ಕಡಲತೀರದ ಊರೊಂದರ ಆಸ್ಪತ್ರೆಯಲ್ಲಿ ನರ್ಸಾಗಿದ್ದು ಬಂದವರು. ಅಲ್ಲಿ ಜೊತೆಗೆ ಡ್ಯೂಟಿ ಮಾಡಿದ್ದ ಸಲ್ಮಾ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಇವರು ಕಲಿಸಿದ್ದ ಒಂದೇ ಕನ್ನಡ ಮಾತಿನಿಂದ ಶುರು: "ಊಟ ಆಯ್ತಾ?" ಆಮೇಲೆಲ್ಲ ಅರಬ್ಬಿ, ನಗು.

ಆ ಊರಲ್ಲಿ ಕಾಳಗ ಶುರುವಾದ ಮೇಲೆ ಫೋನು ನಿಂತಿತು. ಅಲ್ಲಿನ ಸರ್ಕಾರಿ ಚಾನೆಲ್‌ನಲ್ಲಿ ಯಾರೋ ರಿಬ್ಬನ್ ಕತ್ತರಿಸುತ್ತಿದ್ದರು. ಖಾಸಗಿ ಚಾನೆಲ್‌ನಲ್ಲಿ ಒಂದೇ ಹೊಗೆಯನ್ನು ಬೆಳಗಿನಿಂದ ಸಂಜೆವರೆಗೆ ತೋರಿಸುತ್ತಿದ್ದರು.

"ಯಾವುದನ್ನ ನಂಬೋದು ಸಿಸ್ಟರಮ್ಮ?" ಎಂದು ಕೇಳಿದೆ.

"ಇವ್ರು ಬಾಯೇ ಬುಡಲ್ಲ, ಅವ್ರು ಬಾಯೇ ಮುಚ್ಚಲ್ಲ ಕಣಮ್ಮ. ಹವಾಮಾನ ನೋಡು. ಎಲ್ಲಾ ಊರೂ ಹೇಳಿ ನಮ್ಮೂರು ಬುಟ್ಬುಟ್ರು. ಬುಟ್ರು ಅಂದ್ರೆ ಅಲ್ಲೇನೋ ಆಗೈತೆ."

ಅವರಿಗೆ ಅದು 'ನಮ್ಮೂರು'.

ದಿನವೂ ಡೈರಿಯಲ್ಲಿ ಪುರವರದ ಹವಾಮಾನ ಬರೆಯುವುದು ನನ್ನ ರೂಢಿ. "ಏನೇ ಸರ್ಕಾರಿ ಚಾನೆಲ್ಲು, ಇವತ್ತೆಂಗೈತೆ ಪುರವರ?" ಎಂದು ಮಾತು ಕಮ್ಮಿಯ ನನ್ನನ್ನು ಕಾಂಪೌಂಡಿನಾಚೆಯಿಂದ ಕಿಚಾಯಿಸುವರು. ಅವರಿಗೋಸ್ಕರ ಇನ್ನೊಂದು ಸಾಲು ಸೇರಿಸಿದೆ: ಆ ಊರು, ಹೆಸರು ಬರಲಿಲ್ಲ. ದಿನವೂ ಅದೇ ಸಾಲು.

ಒಂದು ಬೆಳಿಗ್ಗೆ ಎದೆನೋವೆಂದು ತುಮಕೂರಿಗೆ ಕಾರು ಹತ್ತುವಾಗ ಫೋನನ್ನು ನನ್ನ ಕೈಗಿಟ್ಟರು. "ಸಲ್ಮಾ ಮಾಡಿದ್ರೆ ಎತ್ಕೊಳಮ್ಮ. ಆಸ್ಪತ್ರೆ ಗೀಸ್ಪತ್ರೆ ಅಂದ್ಬುಟ್ಟೀಯ, ಹೆದ್ರುಕೊಂತಾಳೆ."

ಅವರು ಹಿಂದಿರುಗಲಿಲ್ಲ. ಮಣ್ಣು ಮಾಡಿ ಬಂದ ಮೇಲೂ ಆ ಫೋನಿನಲ್ಲಿ ಹವಾಮಾನ ನೋಡುವುದನ್ನು ನಾನು ಬಿಡಲಿಲ್ಲ. ಒಂದು ಮಧ್ಯಾಹ್ನ ಆ ಊರಿನ ಹೆಸರು ಕೇಳಿಸಿತು. ನನಗೆ ಗೊತ್ತಿದ್ದ ಅರಬ್ಬಿ ಅಷ್ಟೇ. ಪಕ್ಕದಲ್ಲಿ ಸೂರ್ಯನ ಚಿತ್ರ. ಹೇಳೋಣವೆಂದು ಎದ್ದು ಬಾಗಿಲವರೆಗೆ ಹೋದೆ. ಆಚೆ ಮನೆಗೆ ಬೀಗ.

ಸಂಜೆ ಫೋನು ರಿಂಗಾಯಿತು.

"ಊಟ ಆಯ್ತಾ?" ಹೆಂಗಸಿನ ದನಿ.

ಅವಳಿಗೆ ಅರ್ಥವಾಗುವ ಉತ್ತರ ಕನ್ನಡದಲ್ಲಿ ಒಂದೇ ಇತ್ತು.

"ಆಯ್ತು," ಎಂದೆ.

ಆಚೆಯಿಂದ ಅಳು, ನಗು, ಅರಬ್ಬಿ. ಲೈನು ಕಟ್ಟಾಯಿತು.

ಡೈರಿ ತೆಗೆದು ಬರೆದೆ: ಆ ಊರು, ಹೆಸರು ಬಂತು, ಬಿಸಿಲು. ಪುರವರದ ಸಾಲು ಬಿಟ್ಟೆ.